ಕಲ್ಲು ನಿಂತ ಹೊತ್ತು

ಗರಗರ, ಗರಗರ; ಆಮೇಲೆ ಇದ್ದಕ್ಕಿದ್ದಂತೆ ಏನೂ ಇಲ್ಲ. ಬಾಲ್ಯದಿಂದ ನಿನ್ನ ಕಿವಿಯಲ್ಲಿ ಉಳಿದಿರುವ ಸದ್ದು ಯಾವುದು ಎಂದು ಯಾರಾದರೂ ಕೇಳಿದರೆ ಮಧುಗಿರಿಯ ನಮ್ಮ ಮನೆಯ ರಾಗಿಕಲ್ಲಿನ ಸದ್ದು ಎನ್ನುತ್ತೇನೆ; ಕೇಳಿದವರು ನಿಮ್ಮಂಥ ಆಪ್ತರಾದರೆ, ಆ ಕಲ್ಲು ನಿಂತಾಗಿನ ಮೌನ ಎಂದು ತಿದ್ದಿಕೊಳ್ಳುತ್ತೇನೆ. ಈಗಲೂ ಪಕ್ಕದ ಮನೆಯ ಮಿಕ್ಸಿ ನಿಂತರೆ ಸಾಕು, ಫೋನಿನಲ್ಲಿ ಹರಟುತ್ತಿದ್ದವಳು ತಟ್ಟನೆ ಬಾಯಿ ಮುಚ್ಚುತ್ತೇನೆ, ಏನೋ ತಪ್ಪು ಹೇಳಿಬಿಟ್ಟೆನೇನೋ ಎಂದು. ಇದೆಂಥ ನರ್ವಸ್ ಹ್ಯಾಬಿಟ್ ಎಂದು ಮನೆಯವರು ನಗುತ್ತಾರೆ. ನಾನೂ ನಗುತ್ತೇನೆ. ಕಾರಣವನ್ನು ಮಾತ್ರ ಇದುವರೆಗೆ ಯಾರಿಗೂ ಹೇಳಿಲ್ಲ.

ಅದು ಮಹಾರಾಜರ ಕಾಲ. ಅಪ್ಪ ವಕೀಲರು, ಕೋಟೆಬೆಟ್ಟದ ಬುಡದಲ್ಲಿ ನಮ್ಮ ಮನೆ. ಒಬ್ಬಳೇ ಮಗಳನ್ನು ಬೆಂಗಳೂರಿನ ಕಾನ್ವೆಂಟಿಗೆ ಸೇರಿಸಬೇಕೆಂಬುದು ಅಪ್ಪನ ಹಂಬಲ. ಅಲ್ಲಿನ ಎಂಟ್ರೆನ್ಸ್ ಪರೀಕ್ಷೆಗೆ ಬೇಕಾದಷ್ಟು ಲೆಕ್ಕ ನನ್ನ ತಲೆಗೆ ಹತ್ತುತ್ತಿರಲಿಲ್ಲ. ಹಾಗಾಗಿ ಮನೆಪಾಠ. ಕೊರಟಗೆರೆ ಕಡೆಯ ಅಶ್ವತ್ಥಯ್ಯ ಮೇಷ್ಟ್ರು ಬೆಳಿಗ್ಗೆ ಸ್ಕೂಲಿಗೆ ಹೋಗುವ ಮುಂಚೆ ನಮ್ಮಲ್ಲಿಗೆ ಬಂದು, ಕಾಲು ತೊಳೆದು, ಅಮ್ಮನ ಉಪ್ಪಿಟ್ಟು ಮುಗಿಸಿ, ಜಗಲಿಯ ಕಂಬಕ್ಕೊರಗಿ ಬಾಯಿಲೆಕ್ಕ ಶುರುಮಾಡುತ್ತಿದ್ದರು. ಸ್ಲೇಟು ಮುಟ್ಟುವ ಹಾಗಿಲ್ಲ. ಅವರು ಗಟ್ಟಿಯಾಗಿ ಕೇಳಬೇಕು, ನಾನು ಗಟ್ಟಿಯಾಗಿ ಹೇಳಬೇಕು. ಹೇಳಿದ್ದು ಸರಿಯೋ ತಪ್ಪೋ ಅವರ ಮುಖದಿಂದ ದೇವರಾಣೆಗೂ ತಿಳಿಯುತ್ತಿರಲಿಲ್ಲ. ನನ್ನಂಥ ದಡ್ಡಿಗೆ ಅದಕ್ಕಿಂತ ದೊಡ್ಡ ಟಾರ್ಚರ್ ಬೇರೆ ಉಂಟೇ?

ಜಗಲಿಯ ಗೋಡೆಗೆ ಅಂಟಿಕೊಂಡೇ ಒಂದು ಪುಟ್ಟ ಕೋಣೆ, ಗೋಡೆಯಲ್ಲೊಂದು ಗವಾಕ್ಷಿ. ಒಳಗೆ ರಾಗಿಕಲ್ಲು. ಬೀಸುತ್ತಿದ್ದವಳು ನನ್ನಷ್ಟೇ ವಯಸ್ಸಿನ ಈರಕ್ಕ. ನಮ್ಮ ಮನೆಯಲ್ಲಿ ಅವಳಿಗೆ ಅಷ್ಟುದ್ದದ ಹೆಸರು ಯಾರೂ ಕೊಟ್ಟಿರಲಿಲ್ಲ, ಬರೀ ಈರಿ. ಅವಳ ತಾಯಿ ಪುಟ್ಟಮ್ಮ ಸಿರಾದಾಚೆ ಮದಲೂರಿನಿಂದ ಬಂದು ನಮ್ಮ ಮುಸುರೆ ತಿಕ್ಕುತ್ತಿದ್ದಳು. ಹೊಲದಾಳುಗಳ ಮುದ್ದೆಗೆ ದಿನವೂ ಹಿಟ್ಟು ಬೇಕಿತ್ತು. ಅದು ಮಗಳ ಪಾಲಿನ ಕೆಲಸ.

ಮೇಷ್ಟ್ರು ಲೆಕ್ಕ ಕೇಳಿದೊಡನೆ ಕಲ್ಲು ನಿಲ್ಲುತ್ತದೆ ಎಂಬುದು ನನಗೆ ಹೊಳೆಯಲು ಬಹಳ ದಿನ ಬೇಕಾಯಿತು. ತುಸು ಹೊತ್ತಿಗೆ ಮತ್ತೆ ಗರಗರ ಕೇಳಿಸುತ್ತಿತ್ತು: ಅವಳಿಗೆ ಉತ್ತರ ಸಿಕ್ಕಿತೆಂದು ಅರ್ಥ. ಆದರೆ ಇತ್ತ ನಾನು ತಪ್ಪು ಹೇಳಿದೆನೋ, ಓಡುತ್ತಿದ್ದ ಕಲ್ಲು ಗಕ್ಕನೆ ನಿಂತು, ಸರಿಯಾದದ್ದು ನನ್ನ ಬಾಯಿಂದ ಬರುವ ತನಕ ಮಿಸುಕುತ್ತಿರಲಿಲ್ಲ. ಹಿತ್ತಿಲಿನಿಂದ ಪುಟ್ಟಮ್ಮನ ಕೂಗು:

"ಲೇ ಈರಿ, ಕಲ್ಯಾಕ್ಲೇ ನಿಂತೋತು? ರಾಗಿಗೇನ್ ನಿದ್ದೆ ಬಂದ್ಬುಡ್ತಾ?"

"ಗೂಟ ಸಡ್ಲಾಗೈತೆ ಕಣವ್ವ!"

"ದಿನಾ ಸಡ್ಲಾಗಾಕೆ ಅದೇನು ಮುದುಕನ ಹಲ್ಲಾ?"

ಒಂದು ದಿನ ಕೋಣೆಗೆ ಹೋಗಿ ನೇರವಾಗಿ ಕೇಳಿದೆ. ಈರಿ ತಲೆ ತಗ್ಗಿಸಿ, ಕಲ್ಲಿನ ಸುತ್ತಲ ಹಿಟ್ಟನ್ನು ಅಂಗೈಯಲ್ಲಿ ಬಳಿಯುತ್ತ ಹೇಳಿದಳು: "ಬೀಸೋದು ಕೈ ಅಮ್ಮಣ್ಣಿ, ಕಿವಿ ಸುಮ್ಕೆ ಇರ್ತದಲ್ಲ. ನೀವು ತೆಪ್ಪು ಏಳುದ್ರೆ ನನ್ ಕೈನೇ ಓಡಾಕಿಲ್ಲ, ನಾನೇನ್ ಮಾಡ್ಲಿ?" ಬಳಿದ ಹಿಟ್ಟನ್ನು ಮೊರಕ್ಕೆ ಸುರಿದು, "ಮೇಷ್ಟ್ರಿಗೆ ಒಂದ್ಮಾತು ಏಳ್ತೀರಾ? ಜಗಲಿ ಮ್ಯಾಲೆ ಬ್ಯಾಡ. ಮೆಟ್ಲ ಮ್ಯಾಲೆ ಕುಂತ್ಕತೀನಿ. ಬೆಳಗಾಗಾಕ್ ಮುಂಚೇನೇ ರಾಗಿ ಬೀಸಿ ಮುಗಿಸ್ಬುಡ್ತೀನಿ."

ಹೂಂ ಎಂದೆ. ಎಷ್ಟು ಸಲೀಸಾಗಿ ಹೂಂ ಎಂದೆ! ಅಂದಿನಿಂದ ನಾನು ಲೆಕ್ಕ ಮಾಡುವುದನ್ನೇ ಬಿಟ್ಟೆ. ಬಾಯಿಗೆ ಬಂದ ಅಂಕಿಗಳನ್ನು ಒಂದೊಂದಾಗಿ ತೇಲಿಬಿಡುವುದು, ಕಲ್ಲು ಉರುಳಿದ ಕಡೆ ನಿಲ್ಲುವುದು. ಮಗಳು ಚುರುಕಾದಳೆಂದು ಅಪ್ಪ ಬೀಗಿದರು. ಮೇಷ್ಟ್ರಿಗೆ ಹೇಳಬೇಕಾದ ಮಾತು ಮಾತ್ರ ದಿನದಿನವೂ ನಾಳೆಗೆ ಸರಿಯಿತು.

ಬೆಂಗಳೂರಿಗೆ ಹೊರಡುವ ಹಿಂದಿನ ವಾರ ಅಪ್ಪನೇ ಜಗಲಿಯಲ್ಲಿ ಕುರ್ಚಿ ಹಾಕಿಕೊಂಡು ಕೂತರು. ಮೇಷ್ಟ್ರು ಕೇಳಿದರು: "ಮದಲೂರು ಕೆರೆಯಂಥ ಒಂದು ಕೆರೆ. ಒಂದು ತೂಬು ತೆರೆದರೆ ಆರು ದಿನಕ್ಕೆ ಬರಿದಾಗುತ್ತೆ, ಇನ್ನೊಂದು ತೆರೆದರೆ ಮೂರು ದಿನಕ್ಕೆ. ಎರಡನ್ನೂ ಒಟ್ಟಿಗೆ ತೆರೆದರೆ?"

ಕಲ್ಲು ನಿಂತಿತು, ಕ್ಷಣದಲ್ಲೇ ಉರುಳಿತು. ತನ್ನೂರಿನ ಕೆರೆಯಲ್ಲವೇ.

"ಒಂಬತ್ತು," ಎಂದೆ. ಕಲ್ಲು ನಿಂತಿತು. "ಅಲ್ಲ ಸಾರ್, ನಾಲ್ಕೂವರೆ." ನಿಂತೇ ಇತ್ತು. "ಎರಡು." ಗರಗರ, ಗರಗರ.

"ಭೇಷ್!" ಎಂದರು ಅಪ್ಪ. ಮೇಷ್ಟ್ರು ಮಾತ್ರ ನನ್ನನ್ನು ನೋಡಲಿಲ್ಲ, ಗವಾಕ್ಷಿಯನ್ನು ನೋಡಿದರು. "ಹೆಂಗೆ ಬಂತಮ್ಮ ಎರಡು?" ನಾನು ಲಂಗದ ಅಂಚನ್ನು ಬೆರಳಿಗೆ ಸುತ್ತತೊಡಗಿದೆ. ಆಗ ಅವರು, ಆ ಬಡಪಾಯಿ ಒಳ್ಳೆಯ ಮನುಷ್ಯ, ದನಿ ತಗ್ಗಿಸಿ ಹೇಳಿದರು: "ಒಳಗಿರೋ ಮಗು ಹೇಳಿಕೊಡ್ತಿದ್ಯಾ? ಹಾಗಿದ್ರೆ ಹೆದರಬೇಡ, ಅದು ತಪ್ಪಲ್ಲ. ರಾಯರು ಒಪ್ಪಿದ್ರೆ ನಾಳೆಯಿಂದ ಅವಳನ್ನೂ ಇಲ್ಲೇ ಕೂರಿಸ್ಕೋತೀನಿ. ನೀನು ಬೆಂಗಳೂರಿಗೆ ಹೋದ್ಮೇಲೂ ಬಂದು ಹೇಳ್ಕೊಡ್ತೀನಿ."

ಅಪ್ಪ ನನ್ನ ಮುಖ ನೋಡಿದರು. ಅವರು ಒಪ್ಪುತ್ತಿದ್ದರು ಎಂದೇ ಇವತ್ತಿಗೂ ನನ್ನ ನಂಬಿಕೆ, ಅದೇ ನನ್ನನ್ನು ಸುಡುವುದು. ಹೌದು ಎಂಬ ಒಂದೇ ಮಾತು ಬೇಕಿತ್ತು. ಆದರೆ ಆ ಭೇಷ್ ಇನ್ನೂ ಬಿಸಿಬಿಸಿಯಾಗಿ ನನ್ನ ಕಿವಿಯಲ್ಲಿತ್ತು.

"ನಾನೇ ಮಾಡಿದ್ದು ಸಾರ್," ಎಂದೆ. ಸಾಲದೆಂಬಂತೆ ಸೇರಿಸಿದೆ: "ಆ ಕಲ್ಲಿನ ಗಲಾಟೆಗೆ ನನಗೆ ಪಾಠಾನೇ ಕೇಳಿಸಲ್ಲ."

ಒಳಗೆ ಕಲ್ಲು ನಿಂತಿತು.

ಮೇಷ್ಟ್ರು ಬೇರೆ ಲೆಕ್ಕ ಕೇಳಲಿಲ್ಲ. ಮಧ್ಯಾಹ್ನಕ್ಕೆ ಇಬ್ಬರು ಆಳುಗಳು ಬಂದು, ವಕೀಲರ ಮಗಳ ವಿದ್ಯೆಗೆ ತೊಂದರೆಯಾಗಬಾರದೆಂದು, ರಾಗಿಕಲ್ಲನ್ನು ಹೊತ್ತು ಹಿತ್ತಿಲಿನಾಚೆ ದನದ ಕೊಟ್ಟಿಗೆಗೆ ಹಾಕಿದರು. ಈರಿ ಮೊರವನ್ನೂ ರಾಗಿಯ ಬುಟ್ಟಿಯನ್ನೂ ಎತ್ತಿಕೊಂಡು ಅವರ ಹಿಂದೆ ನಡೆದಳು. ನನ್ನತ್ತ ತಿರುಗಿ ನೋಡಲಿಲ್ಲ. ಎಂಟ್ರೆನ್ಸ್ ಪರೀಕ್ಷೆಯಲ್ಲಿ ನಾನು ಪಾಸಾದೆ. ಇಂಗ್ಲಿಷಿನ ಪುಣ್ಯ, ಅಪ್ಪನ ಶಿಫಾರಸಿನ ಪುಣ್ಯ. ಅದೇ ವರ್ಷ ಪುಟ್ಟಮ್ಮ ಮಗಳನ್ನು ಪಾವಗಡದ ಕಡೆಗೆ ಮದುವೆ ಮಾಡಿಕೊಟ್ಟಳಂತೆ.

ಕಾನ್ವೆಂಟಿನಲ್ಲಿ ನಮಗೆ ಲೆಕ್ಕ ಕಲಿಸುತ್ತಿದ್ದ ಮದರ್ ಐರ್ಲೆಂಡಿನವರು. ಒಮ್ಮೆ ಕಸೂತಿ ಕ್ಲಾಸಿನಲ್ಲಿ ತಮ್ಮ ಬಾಲ್ಯ ನೆನೆದುಕೊಂಡರು. ಅವರಮ್ಮ ಒಬ್ಬ ಜಮೀನುದಾರನ ಮನೆಯ ಅಡುಗೆಯವಳಂತೆ. ಆ ಮನೆಯ ಹುಡುಗಿಗೆ ಪಾಠ ಹೇಳಲು ಗವರ್ನೆಸ್ ಇದ್ದಳು. ಇವರ ಕೆಲಸ ಪಾಠದ ಕೋಣೆಯ ಒಲೆಗೆ ಕಲ್ಲಿದ್ದಲು ಹೊತ್ತು ಹಾಕುವುದು. ದಿನವೂ ಬೇಕೆಂದೇ ನಿಧಾನವಾಗಿ ಹಾಕುತ್ತಿದ್ದರಂತೆ. ಒಂದು ದಿನ ಆ ಸಿರಿವಂತರ ಹುಡುಗಿ, ಮಿಸ್, ನನಗೆ ಬಾರದ್ದು ಇವಳಿಗೆ ಬರುತ್ತದೆ ಎಂದು ಹೇಳಿ, ಬೆಂಚಿನ ಮೇಲೆ ಸರಿದು ಜಾಗ ಮಾಡಿದಳಂತೆ. "ಷಿ ಮೂವ್ಡ್ ಅಪ್," ಎಂದು ಮದರ್ ನಕ್ಕರು. ಸೂಜಿ ನನ್ನ ಬೆರಳಿಗೆ ಚುಚ್ಚಿತು. ಏಳು ಸಮುದ್ರದಾಚೆಯೂ ಅದೇ ಗೋಡೆ, ಅದೇ ಒಳಗು, ಅದೇ ಹೊರಗು. ಅಲ್ಲೊಬ್ಬಳು ಗೇಣುದ್ದ ಸರಿದು ಕೂತಿದ್ದಕ್ಕೆ ನನ್ನೆದುರು ಒಬ್ಬ ಗುರು ನಿಂತಿದ್ದಾರೆ. ನಾನು ಸರಿಯದೇ ಇದ್ದುದಕ್ಕೆ ಯಾರ ಎದುರು ಯಾರು ನಿಲ್ಲದೆ ಹೋದರೋ, ಅದರ ಬಾಯಿಲೆಕ್ಕ ಹಾಕುವವರು ಯಾರು?

ಮುಂದೆ ಯಜಮಾನರ ಕೆಲಸದ ಜೊತೆ ಕೊಲಂಬೋದಲ್ಲಿ ಕೆಲಕಾಲ ಇದ್ದೆ. ಅಲ್ಲಿ ನೆರೆಮನೆಯ ವರಾಂಡದಲ್ಲಿ ಫ್ಯಾನಿನ ಕೆಳಗೆ ಟ್ಯೂಷನ್; ಡ್ರೈವರನ ಮಗಳು ಮೆಟ್ಟಿಲ ಮೇಲೆ ಕೂತು ತುಟಿ ಅಲ್ಲಾಡಿಸುತ್ತಿದ್ದಳು. ಅವಳ ಪರವಾಗಿ ಒಂದು ಮಾತಾಡಬಹುದಿತ್ತು. ನೋಡಿದೆ, ನೋಡಿ ನನ್ನ ಟೀ ಕುಡಿದೆ. ನಾಚಿಕೆಯೊಂದರಿಂದಲೇ ಮನುಷ್ಯರು ತಿದ್ದಿಕೊಳ್ಳುತ್ತಾರೆಂದು ನೀವು ನಂಬಿದ್ದರೆ, ಕ್ಷಮಿಸಿ, ನನ್ನ ಅನುಭವ ಬೇರೆ. ನಾಚಿಕೆಯನ್ನು ಜೋಪಾನವಾಗಿ ಮಡಿಸಿಟ್ಟುಕೊಂಡು ಬಹಳ ಕಂಫರ್ಟಬಲ್ ಆಗಿ ಬಾಳಬಹುದು.

ಕೊಲಂಬೋಗೆ ಹೋಗುವುದಕ್ಕೂ ಮುಂಚಿನ ಒಂದು ಬೆಳಗಿಗೆ ನಿಮ್ಮನ್ನು ಕರೆದೊಯ್ದು ಮುಗಿಸುತ್ತೇನೆ. ಯುದ್ಧ ಆಗಷ್ಟೇ ನಿಂತಿತ್ತು, ಸ್ವರಾಜ್ಯ ಇನ್ನೂ ಬಂದಿರಲಿಲ್ಲ. ಪಾವಗಡದಲ್ಲಿ ನೆಂಟರ ಮದುವೆ ಮುಗಿಸಿ ಮಧುಗಿರಿಗೆ ವಾಪಸಾಗುತ್ತಿದ್ದೆವು. ಇದ್ದಿಲು ಗ್ಯಾಸಿನ ಬಸ್ಸು ದಾರಿಯಲ್ಲಿ ಉಬ್ಬಸ ಹಿಡಿದು ನಿಂತಿತು, ಇಳಿದೆವು. ಹುಣಿಸೆ ಮರದ ನೆರಳಿನಲ್ಲಿ ಒಬ್ಬ ಹೆಂಗಸು ಮೊರದಲ್ಲಿ ಕಡಲೆಕಾಯಿ ಬಿಡಿಸುತ್ತಿದ್ದಳು, ಪಟ್ ಪಟ್ ಎಂದು, ಪಕ್ಕದಲ್ಲಿ ಏಳೆಂಟು ವರ್ಷದ ಹುಡುಗಿ.

"ಅಮ್ಮಣ್ಣೀ! ಕಾನ್ಮೆಂಟು ಪಾಸಾಯ್ತಾ?" ಎಂದಳು. ಅದೇ ಕಣ್ಣು.

"ಈರಕ್ಕ," ಎಂದೆ. ಆ ಪೂರ್ತಿ ಹೆಸರು ನನ್ನ ಬಾಯಿಂದ ಅವತ್ತೇ ಮೊದಲು. "ಮಗಳನ್ನ ಸ್ಕೂಲಿಗೆ ಹಾಕಿದೀಯಾ?"

"ಇಸ್ಕೂಲು ಆರ್ ಮೈಲಿ ಆಗ್ತದೆ. ಕಡ್ಲೆಕಾಯ್ ಬಿಡಿಸ್ತಾ ನಾನೇ ಏಳ್ಕೊಡ್ತೀನಿ. ಕೇಳಿ, ಒಂದ್ ಬಾಯ್ಲೆಕ್ಕ ಕೇಳಿ ಇವ್ಳನ್ನ."

ನನ್ನ ಬಾಯಿಗೆ ಬಂದದ್ದು ಒಂದೇ ಲೆಕ್ಕ, ಎರಡು ತೂಬಿನದು.

"ಒಂಬತ್ತು," ಎಂದಿತು ಮಗು. ಈರಕ್ಕನ ಕೈ ನಿಂತಿತು. ಮಗು ಆ ಕೈಯನ್ನೊಮ್ಮೆ ನೋಡಿ, ಕಣ್ಣು ಮುಚ್ಚಿ, ಬೆರಳು ಮಡಿಸಿ, "ರೆಂಡು!" ಎಂದು ಕೂಗಿತು. ಪಟ್ ಪಟ್ ಮತ್ತೆ ಶುರುವಾಯಿತು.

"ತೆಲುಗು ಅವ್ರಪ್ಪಂದು ಕಣಮ್ಮಣ್ಣಿ, ಲೆಕ್ಕ ನಂದು," ಎಂದು ನಕ್ಕಳು.

ನಾನು ಈಗಲಾದರೂ ಹೇಳಬೇಕಿತ್ತು. ಬಾಯಿ ತೆರೆದೆ: "ಆವತ್ತು ಮೇಷ್ಟ್ರು ಕೇಳಿದಾಗ ನಾನಿನ್ನೂ ಚಿಕ್ಕವಳು, ಈರಕ್ಕ. ನನಗೆ ಗೊತ್ತಾಗಲಿಲ್ಲ."

ಅವಳ ಕೈ ನಿಂತಿತು.

ಮುಖದಲ್ಲಿ ಕೋಪವಿರಲಿಲ್ಲ. ಕಾಯುತ್ತಿದ್ದಳು, ಅಷ್ಟೇ, ಗೋಡೆಯ ಆಚೆ ಕಾಯುತ್ತಿದ್ದ ಹಾಗೆಯೇ. ಡ್ರೈವರು ಹಾರ್ನ್ ಒತ್ತಿದ. "ಓಗಿ ಅಮ್ಮಣ್ಣಿ, ಬಸ್ಸು ಒಂಟೋಯ್ತದೆ," ಎಂದಳು. ಹತ್ತಿದೆ. ಬಸ್ಸು ತಿರುವು ದಾಟುವ ತನಕ ಕಿಟಕಿಯಿಂದ ತಲೆ ಹೊರಹಾಕಿ ನೋಡುತ್ತಿದ್ದೆ. ಮೊರದ ಮೇಲೆ ಇಟ್ಟ ಅವಳ ಕೈ ಇನ್ನೂ ಓಡಿರಲಿಲ್ಲ.