ಎಳ್ಳಿಗೆ ಮೊದಲ ಮಣೆ

ನನಗೆ ಜೋಡಿಸುವ ಚಟ. ಚಪ್ಪಲಿ, ಚಮಚ, ಪುಸ್ತಕ ಯಾವುದೂ ಸಾಲು ತಪ್ಪುವಂತಿಲ್ಲ. ಇದನ್ನು ನಾನು ಶಿಸ್ತು ಎನ್ನುತ್ತೇನೆ; ಮನೆಯವರು ಎನ್ನುವುದೇ ಬೇರೆ. ಆದರೆ ಈ ಚಟ ಒಬ್ಬ ಹಿರಿಯರ ಊಟಕ್ಕೇ ಕಲ್ಲು ಹಾಕುತ್ತದೆಂದು ಎಣಿಸಿರಲಿಲ್ಲ.

ಕಮಲಾಪುರದಲ್ಲಿ ನನ್ನ ಅಕ್ಕ ರೊಟ್ಟಿ ಕೇಂದ್ರ ನಡೆಸುತ್ತಾಳೆ. ಬೆಳಗಿನ ಬಸ್ಸಿಗೆ ರೊಟ್ಟಿ ಗಂಟುಗಳು ಕಲಬುರಗಿಗೆ ಬರುತ್ತವೆ. ಕಪನೂರಿನ ಕಾರ್ಖಾನೆಯೊಂದರಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ನಾನು, ಕೆಲಸಕ್ಕೆ ಹೋಗುವ ಮುಂಚೆ ಅವನ್ನು ಮನೆಮನೆಗೆ ಮುಟ್ಟಿಸುತ್ತೇನೆ. ಯಾರಿಗೆ ಎಂಥ ರೊಟ್ಟಿ ಎಂಬುದು ಮೊದಲು ಅಕ್ಕನ ತಲೆಯಲ್ಲೇ ಇತ್ತು. ಗಿರಾಕಿಗಳು ಹೆಚ್ಚಾದಾಗ, ಯಾರೂ ಕೇಳದಿದ್ದರೂ, ನಾನೊಂದು ಪ್ರೋಗ್ರಾಂ ಬರೆದುಕೊಟ್ಟೆ. ಅದು ಕಳಿಸುವ ಪಟ್ಟಿ ನೋಡಿ ಅಲ್ಲಿಯ ಹೆಂಗಸರು ಗಂಟು ಕಟ್ಟುತ್ತಿದ್ದರು.

ಒಬ್ಬೊಬ್ಬ ಗಿರಾಕಿಗೆ ಒಂದು ಸಂಖ್ಯೆ. ಅದರೊಳಗೆ ಸ್ವಿಚ್ ಬೋರ್ಡಿನಂತೆ ಒಂದು ಸಾಲು: ಮೊದಲನೆಯದು ಹಾಕಿದ್ದರೆ ಒಣಗಿಸಿದ ಗಟ್ಟಿ ಕಟಕ ರೊಟ್ಟಿ, ಎರಡನೆಯದು ಮೆತ್ತನೆಯದು, ಮೂರನೆಯದು ಸಜ್ಜೆಯದು. ಇಂಥ ಹೌದು-ಅಲ್ಲಗಳನ್ನು ಸಂಭಾಳಿಸಲೆಂದೇ ಯಾರೋ ಪುಣ್ಯಾತ್ಮರು ಬರೆದು ಹಂಚಿದ ಕೋಡ್ ಲೈಬ್ರರಿಯೊಂದಿದೆ. ಹೆಸರುಗಳ ಪಟ್ಟಿ ಕೊಟ್ಟರೆ ಸಾಕು, ಬರೆದ ಕ್ರಮದಲ್ಲೇ ಒಂದೊಂದು ಹೆಸರಿಗೆ ಒಂದೊಂದು ಸ್ವಿಚ್ಚನ್ನು ಅದು ತಾನಾಗಿ ಹಂಚುತ್ತದೆ. ಮೂರು ಸ್ವಿಚ್ಚಿಗೆ ಲೈಬ್ರರಿ ಯಾಕೆಂದು ನೀವು ಕೇಳಬಹುದು. ಅಕ್ಕನೂ ಕೇಳಿದ್ದಳು.

ಚಳಿಗಾಲ ಬಂತು. ಎಳ್ಳು ಹಚ್ಚಿದ ರೊಟ್ಟಿ ಬೇಕೆಂದರು ಜನ. ಹೊಸ ಹೆಸರನ್ನು ಕೊನೆಗೆ ಬರೆದಿದ್ದರೆ ಮುಗಿಯುತ್ತಿತ್ತು. ಆದರೆ ವರ್ಣಮಾಲೆಯಲ್ಲಿ ‘ಎ’ ಬರುವುದು ‘ಕ’ಕ್ಕಿಂತ ಮೊದಲಲ್ಲವೇ? ಎಳ್ಳನ್ನು ತಂದು ಎಲ್ಲರ ಮುಂದೆ ಕೂರಿಸಿದೆ. ಉಳಿದವೆಲ್ಲ ಒಂದೊಂದು ಜಾಗ ಹಿಂದೆ ಸರಿದವು. ಗಿರಾಕಿಗಳ ಹಳೆಯ ಸಂಖ್ಯೆಗಳು ಮಾತ್ರ ಇದ್ದಂತೆಯೇ ಇದ್ದವು. ಕಟಕ ಕೇಳಿದವರಿಗೆ ಎಳ್ಳಿನದು ಹೋಯಿತು, ಮೆತ್ತನೆಯದು ಕೇಳಿದವರಿಗೆ ಕಟಕ.

ಶಹಾಬಜಾರದ ಮಾಸ್ತರರಿಗೆ ಬಾಯಲ್ಲಿ ಒಂದು ಹಲ್ಲೂ ಇಲ್ಲ. ಅಕ್ಕನ ಮೊದಲ ಗಿರಾಕಿ ಅವರೇ. ನನಗೆ ಆ ವರ್ಣಮಾಲೆ ತಿದ್ದಿಸಿದವರೂ ಅವರೇ. ಮೂರು ದಿನ ಕಟಕ ರೊಟ್ಟಿ ತೆಗೆದುಕೊಂಡು ಸುಮ್ಮನಿದ್ದರು. ನಾಲ್ಕನೆಯ ದಿನ ಬಾಗಿಲಲ್ಲೇ ನಿಲ್ಲಿಸಿ ಮೆಲ್ಲಗೆ ಕೇಳಿದರು.

“ನಿಮ್ಮಕ್ಕಗ ನನ್ನ ಮ್ಯಾಲ ಸಿಟ್ಟು ಬಂದದೇನಪಾ? ರೊಟ್ಟಿ ಬಂದ್ ಮಾಡ್ರಿ ಅಂತ ಹಿಂಗ ಹೇಳಾಕತ್ತಾಳೇನು?”

ಏನೋ ತೊದಲಿ ಹೊರಟುಬಂದೆ. ಸಂಜೆ ಮನೆಗೆ ಬಂದು ಪ್ರೋಗ್ರಾಂ ತೆರೆದಾಗ ತಪ್ಪು ಕಂಡಿತು. ಸಂಖ್ಯೆ, ಸ್ವಿಚ್ಚು, ಸಾಲು ಎಲ್ಲವನ್ನೂ ಅಕ್ಕನಿಗೆ ಫೋನಿನಲ್ಲಿ ಬಿಡಿಸಿ ಹೇಳಿದೆ. ಅವಳು ಪೂರ್ತಿ ಕೇಳಿ, “ಪಂಗತ್ಯಾಗ ಹೊಸಬ್ರು ಬಂದ್ರ ಕಡೀಗಿ ಕೂಡ್ತಾರ. ಉಣ್ಣಾಕತ್ತೋರಿಗಿ ಯಾರರ ಎಬ್ಬಸ್ತಾರೇನೋ ತಮ್ಮಾ?” ಎಂದಳು. ಆ ಲೈಬ್ರರಿಯ ಸೂಚನೆಯ ಮೊದಲ ಪುಟದಲ್ಲೂ ದಪ್ಪಕ್ಷರದಲ್ಲಿ ಅದನ್ನೇ ಬರೆದಿದ್ದಾರೆ. ಓದಿದವರು ಯಾರು?

ಎಳ್ಳನ್ನು ಹೆಸರುಗಳ ಸಾಲಿನ ಕೊನೆಗೆ ಕಳಿಸಿದೆ. ಮರುದಿನ ಭಾನುವಾರ ಮಧ್ಯಾಹ್ನ, ಅಕ್ಕ ತಾನೇ ಬಡಿದು ಕಳಿಸಿದ ಮೆತ್ತನೆಯ ರೊಟ್ಟಿ ಹಿಡಿದು ಮಾಸ್ತರರ ಮನೆಗೆ ಹೋದೆ. ತಪ್ಪು ನನ್ನದೆಂದೆ. ಮನೆಯವರೆಲ್ಲ ಊಟಕ್ಕೆ ಕೂತಿದ್ದರು.

“ಅಕ್ಕಗ ಸಿಟ್ಟಿಲ್ಲಲ್ಲ? ಅಷ್ಟ ಸಾಕು. ಕೂಡು, ಉಣ್ಣು” ಎಂದರು ಮಾಸ್ತರರು.

ಯಾರನ್ನೂ ಸರಿಸದೆ ಸಾಲಿನ ಕೊನೆಗೆ ಕೂತೆ. ಕೂಡಿಟ್ಟಿದ್ದ ಕಟಕ ರೊಟ್ಟಿಗಳೆಲ್ಲ, “ನಿನಗ ಹಲ್ಲು ಅದಾವಲ್ಲ” ಎಂಬ ಮಾತಿನೊಂದಿಗೆ, ನನ್ನ ತಾಟಿಗೇ ಬಂದವು. ಚಟ ನೋಡಿ, ದೊಡ್ಡದು ಕೆಳಗೆ, ಚಿಕ್ಕದು ಮೇಲೆ ಎಂದು ಜೋಡಿಸಲು ಕೈ ಆಗಲೇ ಹೊರಟಿತ್ತು. ಮಾಸ್ತರರು ನೋಡುತ್ತಿದ್ದರು. ಕೈ ತಡೆದು, ಮೇಲಿದ್ದದ್ದನ್ನೇ ಮುರಿದುಕೊಂಡೆ.