ಕುರ್ಚಿ ಒಲ್ಲದ ವೈಜನಾಥ ಸರ್

ಎಲ್ಲಿಗೆ ಹೋದರೂ ವೈಜನಾಥ ಸರ್ ಕೂಡುತ್ತಿರಲಿಲ್ಲ. ಗಿರಣಿಯಾಗಲಿ, ಅಂಗಡಿಯಾಗಲಿ, ಯಾವುದೋ ಸಂಘದ ಕಚೇರಿಯಾಗಲಿ, ಅಲ್ಲಿಯವರು ಎದ್ದು ಕುರ್ಚಿ ಸರಿಸಿ "ಕೂಡ್ರಿ ಸರ್" ಎಂದರೆ, ಇವರು ಕೈ ಅಡ್ಡ ಮಾಡಿ "ಮೊದಲ ನೋಡೂಣ್ರಿ, ಆಮ್ಯಾಲ ಕೂಡೂಣು" ಎನ್ನುತ್ತಿದ್ದರು. ಆ 'ಆಮ್ಯಾಲ' ಯಾವತ್ತೂ ಬರುತ್ತಿರಲಿಲ್ಲ. ಅವರು ನಿಂತಿರುವಾಗ ನಾವು ಕೂಡುವುದು ಹೇಗೆ? ಚಹಾ ಬಂದರೂ ನಿಂತೇ ಕುಡಿಯಬೇಕು. ಗಿಡ್ಡ ಆಳು, ತೋಳು ಮಡಚಿದ ಬಿಳಿ ಅಂಗಿ, ಹೆಗಲಿಗೆ ಹಳೆಯ ಚೀಲ. ಅವರ ಬೆನ್ನಿಗೆ ನಾವೊಂದಿಷ್ಟು ಹೆಂಗಸರು, ಒಂದು ಕಾಲಿನ ಭಾರವನ್ನು ಇನ್ನೊಂದಕ್ಕೆ ಹೊರಿಸುತ್ತ, ಮನಸ್ಸಿನಲ್ಲೇ ಅವರನ್ನು ಬೈಯುತ್ತ ನಿಂತಿರುತ್ತಿದ್ದೆವು.

ಹುಮನಾಬಾದಿನ ಒಂದು ಸಂಸ್ಥೆ ಸುತ್ತಲಿನ ಮಹಿಳಾ ಸಂಘಗಳಿಂದ ಒಬ್ಬೊಬ್ಬರನ್ನು ಆರಿಸಿ ನಾಯಕತ್ವದ ತರಬೇತಿ ಕೊಡುತ್ತಿತ್ತು. ಅದನ್ನು ನಡೆಸುತ್ತಿದ್ದವರು ವೈಜನಾಥ ಸರ್. ದುಬಲಗುಂಡಿಯಿಂದ ನಾನು ಹೋದೆ. ನಮ್ಮ ಸಂಘಕ್ಕೆ ಪಂಚಾಯಿತಿ ಒಂದು ಶೆಡ್ ಕೊಟ್ಟಿತ್ತು. ಅಲ್ಲಿ ತೊಗರಿ ಬೇಳೆ ಮಾಡಿ ಮಾರಬೇಕೆಂದು ನಮ್ಮ ಆಸೆ. ಆದರೆ ಅಧ್ಯಕ್ಷೆ ಕಾಶೀಬಾಯಿ ಎಲ್ಲವನ್ನೂ ತಾನೊಬ್ಬಳೇ ತೀರ್ಮಾನಿಸುತ್ತಾಳೆಂದು ಅರ್ಧದಷ್ಟು ಹೆಂಗಸರು ಸಭೆಗೆ ಬರುವುದನ್ನೇ ಬಿಟ್ಟಿದ್ದರು. ಉಳಿದವರು ನನ್ನನ್ನು ಕಳಿಸುವಾಗ, "ನಾಕು ಮಂದೀನ ಕೂಡಿಸಿ ನಡಸೂದು ಹ್ಯಾಂಗಂತ ಕಲತು ಬಾ. ಇಲ್ಲಂದ್ರ ಶೆಡ್ ಬ್ಯಾರೆಯವರ ಪಾಲಾಗ್ತದ" ಎಂದಿದ್ದರು.

ನಾನು ತರಬೇತಿಯೆಂದರೆ ಒಂದು ಸಭಾಭವನ, ಬ್ಯಾನರು, ಭಾಷಣ, ಊಟ ಎಂದುಕೊಂಡಿದ್ದೆ. ಸರ್ ಮೊದಲ ದಿನವೇ, "ಕ್ಲಾಸಿನಾಗ ನಾಯಕತ್ವ ಇರಂಗಿಲ್ಲ. ಮಂದಿ ಕೆಲಸ ಮಾಡೂ ಜಾಗಾದಾಗ ಇರ್ತದ. ನಡೀರಿ" ಎಂದು ಹೊರಡಿಸಿಬಿಟ್ಟರು.

ಹೋದದ್ದು ಹುಮನಾಬಾದಿನಲ್ಲೇ ಇದ್ದ ಒಂದು ಬೇಳೆ ಗಿರಣಿಗೆ. ನನಗೆ ಬೇಕಾಗಿದ್ದೂ ಅದೇ. ಮಾಲೀಕರು ತಾವು ಬರಿಗೈಲಿ ಶುರುಮಾಡಿ ಹೇಗೆ ಬೆಳೆದೆವೆಂದು ಹೇಳತೊಡಗಿದರು. ಮಾತು ಮುಗಿಯಲಿ, ನನ್ನ ಪ್ರಶ್ನೆ ಕೇಳೋಣವೆಂದು ಕಾದಿದ್ದೆ. ಅಷ್ಟರಲ್ಲಿ ಸರ್ ಅಲ್ಲಿಂದ ಸರಿದು, ಕೆಳಗೆ ಕೂತು ಬೇಳೆ ಹಸನು ಮಾಡುತ್ತಿದ್ದ ಹೆಂಗಸರ ಹತ್ತಿರ ಹೋಗಿ ನಿಂತಿದ್ದರು.

"ಯವ್ವಾ, ನಡುವ ಎದ್ದು ನೀರು ಕುಡೀಬೇಕಂದ್ರ ನೀವು ಯಾರಿಗೆ ಕೇಳ್ತೀರಿ?"

ಹೆಂಗಸರು ಮಾಲೀಕರ ಮುಖ ನೋಡಿದರು. ಮಾಲೀಕರ ನಗು ಹೋಯಿತು. "ಸರ್, ನೀವು ಕಲೀಲಿಕ್ಕೆ ಬಂದೀರೋ, ನನ್ನ ತಪಾಸಣಿ ಮಾಡಾಕ ಬಂದೀರೋ?" ಎಂದರು. ಸ್ವಲ್ಪ ಹೊತ್ತಿನಲ್ಲೇ ನಾವೆಲ್ಲ ರಸ್ತೆಯಲ್ಲಿದ್ದೆವು.

ನನಗೆ ಸಿಟ್ಟು ತಡೆಯಲಾಗಲಿಲ್ಲ. "ಸರ್, ನಾ ಕೇಳೂದು ಹಂಗೇ ಉಳೀತಲ್ರಿ."

"ಏನ್ ಕೇಳೂದಿತ್ತು ತಂಗಿ?"

"ಸುಗ್ಗಿ ಬಂದ್ರ ನಮ್ಮ ಹೆಂಗಸರು ಹೊಲಕ್ಕ ಹೋಗ್ತಾರ. ಆವಾಗ ಕೆಲಸ ನಿಲ್ಲದಂಗ ಹ್ಯಾಂಗ ನಡಸೂದು ಅಂತ."

"ಅದನ್ನ ಆ ಕೆಳಗ ಕೂತ ಹೆಂಗಸರಿಗೇ ಕೇಳಬೇಕಿತ್ತು."

"ನೀವು ಕೇಳಾಕ ಬಿಟ್ರೇನ್ರಿ?"

ಕೇಳಿಸಿಯೂ ಕೇಳಿಸದವರಂತೆ ಚೀಲ ಏರಿಸಿಕೊಂಡು ಮುಂದೆ ನಡೆದರು.

ಮುಂದಿನ ಸಲ ಬಸವಕಲ್ಯಾಣಕ್ಕೆ, ಹೆಂಗಸರೇ ನಡೆಸುವ ಹಾಲಿನ ಸಂಘಕ್ಕೆ. ಸಂಘ ಶುರುವಾದಾಗಿನಿಂದ ಅಲ್ಲಿ ಒಬ್ಬರೇ ಅಧ್ಯಕ್ಷರು. ಗೋಡೆಯ ತುಂಬ ಅವರು ಶಾಲು ಹೊದಿಸಿಕೊಂಡ ಫೋಟೋಗಳು. "ಬ್ಯಾರೆ ಯಾರಿಗೂ ಅನುಭವ ಇಲ್ರಿ ಸರ್. ನಾ ಬಿಟ್ರ ಮರುದಿನಾನೇ ಮುಚ್ಚತಾರ" ಎಂದರು ಆಕೆ, ದುಃಖದಿಂದ ಎಂಬಂತೆ.

"ಅನುಭವ ಆಗಾಕ ಯಾರಿಗರೆ ಬಿಟ್ಟು ನೋಡೀರೇನ್ರಿ?" ಎಂದರು ಸರ್.

ಆಮೇಲೆ ಅಲ್ಲಿ ಯಾರೂ ನಮ್ಮನ್ನು ಊಟಕ್ಕೆ ಕರೆಯಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ನಿಂತು ಭಜಿ ತಿಂದೆವು. ಆದರೆ ಆ ಪ್ರಶ್ನೆ ನನ್ನ ತಲೆಯಲ್ಲಿ ಕೂತುಬಿಟ್ಟಿತು. ಕಾಶೀಬಾಯಿಯ ಮುಖ ಕಣ್ಣ ಮುಂದೆ ಬಂತು. ಸರ್ ಸುಮ್ಮನೆ ಜಗಳಗಂಟರಲ್ಲ ಎಂದು ಮೊದಲ ಸಲ ಅನಿಸಿದ್ದು ಆಗ.

ಹಾಗೆ ಅನಿಸುವಂಥ ಇನ್ನೊಂದು ಮಾತೂ ಇದೆ. ನಮ್ಮ ಜೊತೆಗಿದ್ದ ಚಿಟಗುಪ್ಪದ ಸಾವಿತ್ರಿಯನ್ನು ಆಕೆಯ ಅತ್ತೆ, ಊರೂರು ತಿರುಗುವುದು ಸಾಕೆಂದು ತಡೆದುಬಿಟ್ಟಳು. ಸರ್ ಬಸ್ ಹಿಡಿದು ಅವರ ಮನೆಗೇ ಹೋದರು. ಅಂಗಳದಲ್ಲಿ ನಿಂತವರು ಬಿಸಿಲೇರಿದರೂ ಅಲುಗಲಿಲ್ಲ. "ಕೂಡಪಾ, ಎಷ್ಟೊತ್ತು ನಿಂದರ್ತಿ" ಎಂದು ಆ ಮುದುಕಿ ಚಾಪೆ ಹಾಸಿದಳು. "ಸೊಸೀನ ಕಳಸ್ತೀನಿ ಅನ್ರಿ ತಾಯಿ, ಕೂಡ್ತೀನಿ" ಎಂದರಂತೆ ಸರ್. ಸಾಕುಬೇಕಾಗಿ ಆಕೆ ಹೂಂ ಎಂದಳು. ಇವರು ಕೈಮುಗಿದು, ಕೂಡದೆ, ಬಂದ ದಾರಿ ಹಿಡಿದರು. ಇಂಥ ಮನುಷ್ಯನ ಮೇಲೆ ಸಿಟ್ಟು ಮಾಡಿಕೊಂಡರೂ ಅದನ್ನು ಮನೆಯ ತನಕ ಒಯ್ಯುವುದು ಕಷ್ಟವಿತ್ತು.

ಒಂದು ಸಲ ಮಾತ್ರ ಒಯ್ದೆ. ಒಂದು ಭೇಟಿಯನ್ನಾದರೂ ನಾವೇ ಏರ್ಪಾಟು ಮಾಡುತ್ತೇವೆ ಎಂದು ನಾನೂ ಸಾವಿತ್ರಿಯೂ ಕೇಳಿದ್ದೆವು. "ಮಾಡ್ರಿ, ಮಾಡ್ರಿ" ಎಂದರು, ಬಹಳ ಸಂತೋಷಪಟ್ಟವರಂತೆ. ಮಾಣಿಕನಗರದ ಆಟೋ ಚಾಲಕರ ಸಂಘದವರನ್ನು ಮಾತಾಡಿಸಿ ದಿನ ಗೊತ್ತು ಮಾಡಿದೆವು. ಆ ದಿನ ಹುಮನಾಬಾದ್ ಬಸ್ ಸ್ಟ್ಯಾಂಡಿನಲ್ಲಿ ಇಳಿದರೆ ಸರ್ ಉಳಿದವರನ್ನೆಲ್ಲ ಬೀದರಿನ ಬಸ್ಸಿನ ಹತ್ತಿರ ನಿಲ್ಲಿಸಿಕೊಂಡಿದ್ದಾರೆ. ಹಿಂದಿನ ದಿನವೇ ಎಲ್ಲರಿಗೂ ಫೋನ್ ಮಾಡಿ ಬೇರೆ ಜಾಗ ಹೇಳಿದ್ದರು, ನಮ್ಮಿಬ್ಬರನ್ನು ಬಿಟ್ಟು.

"ಆಟೋದವರ ಹತ್ರ ಏನದ ನೋಡೂದು? ನಿಮಗ ಇನ್ನಾ ಅನುಭವ ಇಲ್ಲ ತಂಗಿ" ಎಂದರು.

ಅದೇ ಮಾತು. ಹಾಲಿನ ಸಂಘದ ಅಧ್ಯಕ್ಷರ ಬಾಯಿಂದ ಬಂದದ್ದು ಇವರ ಬಾಯಿಂದಲೂ. ಸಾವಿತ್ರಿ ನನ್ನ ಸೆರಗು ಜಗ್ಗಿದಳು, ನಾನು ಬಿಡಲಿಲ್ಲ.

"ಸರ್, ಹೋದಲ್ಲೆಲ್ಲಾ ಇಲ್ಲಿ ಯಾರ ಮಾತು ನಡೀತದ ಅಂತ ಕೇಳ್ತೀರಿ. ನಮ್ಮ ತಂಡದಾಗ ಯಾರ ಮಾತು ನಡೀತದ್ರಿ?"

ಸರ್ ಬಸ್ ಹತ್ತಲಿಲ್ಲ. ಬೀದರಿನ ಬಸ್ಸು ಹೋಯಿತು. ಆಮೇಲೆ ನಮ್ಮ ಕಡೆ ತಿರುಗಿ, "ನಡೀರಿ ಮಾಣಿಕನಗರಕ್ಕ. ನಾ ಬಾಯಿ ತೆರಿಯಂಗಿಲ್ಲ" ಎಂದರು.

ಅಲ್ಲಿ ಎಲ್ಲವೂ ಕೆಟ್ಟಿತ್ತು. ಬರುತ್ತೇನೆಂದಿದ್ದ ಸಂಘದ ಮುಖ್ಯಸ್ಥ ಮದುವೆಗೆ ಹೋಗಿದ್ದ. ನಾವು ಆಟೋ ಸಾಲಿನ ಪಕ್ಕ ಪೆದ್ದರಂತೆ ನಿಂತೆವು. ಸರ್ ಕರವಸ್ತ್ರವನ್ನು ಬಾಯಿಗೆ ಒತ್ತಿಕೊಂಡು ದೂರದಲ್ಲಿ ನಿಂತಿದ್ದರು. ಹೇಳಬೇಕಾದ ಮಾತೆಲ್ಲ ಅವರ ಕಣ್ಣಲ್ಲಿ ಕುಣಿಯುತ್ತಿತ್ತು. ಅಷ್ಟರಲ್ಲಿ ಹಿಂದಿದ್ದ ಒಬ್ಬ ಚಾಲಕ ಸಾಲು ಮುರಿದು, ಅಲ್ಲಿನ ಮಠಕ್ಕೆ ಬಂದ ಭಕ್ತರನ್ನು ಹತ್ತಿಸಿಕೊಂಡ. ಮುಂದಿದ್ದವನಿಗೂ ಅವನಿಗೂ ಜಗಳ ಹತ್ತಿತು. ಇನ್ನೊಬ್ಬ ಚಾಲಕ ನಡುವೆ ಬಂದು ಇಬ್ಬರಿಗೂ ಮಾತಾಡಲು ಬಿಟ್ಟು, ಸುತ್ತ ನಿಂತವರನ್ನು ಕೇಳಿ, ಸಾಲು ಮುರಿದವನು ಇವತ್ತು ಎಲ್ಲರ ಹಿಂದೆ ಎಂದ. ಆತ ಗೊಣಗುತ್ತಲೇ ಆಟೋ ಹಿಂದಕ್ಕೆ ತೆಗೆದ.

"ನೀವೇನು ಉಪಾಧ್ಯಕ್ಷರೇನ್ರಿ?" ಎಂದು ಕೇಳಿದೆ.

"ಇಲ್ರಿ ಅಕ್ಕಾರ. ಸಾಲು ನೋಡಿಕೊಳ್ಳೂದು ಈ ವಾರ ನಂದು ಪಾಳಿ. ಮುಂದಿನ ವಾರ ಅವಂದು" ಎಂದು ಹಿಂದಕ್ಕೆ ಹೋದ ಅದೇ ಜಗಳಗಾರನನ್ನು ತೋರಿಸಿದ.

ನಾನು ಹುಡುಕುತ್ತಿದ್ದದ್ದು ಸಿಕ್ಕಿತೆಂದು ಓಡಿ ಸರ್ ಹತ್ತಿರ ಬಂದೆ. ಅವರು ಕರವಸ್ತ್ರ ತೆಗೆದು, "ಕುಡಿಯಾಕ ನೀರಿನ ವ್ಯವಸ್ಥಾ ಮಾಡಬೇಕಿತ್ತು ನೀವು" ಎಂದರು. ಅಷ್ಟೇ. ಅವತ್ತು ಆ ಸಿಟ್ಟನ್ನು ದುಬಲಗುಂಡಿಯ ತನಕ ಒಯ್ದೆ; ಸಾವಿತ್ರಿ ಮಾಡಿದ ಫೋನನ್ನೂ ಎತ್ತಲಿಲ್ಲ.

ಊರಲ್ಲಿ ಆ ಪಾಳಿಯನ್ನೇ ತಂದೆವು. ಸಭೆ ನಡೆಸುವುದು ಒಬ್ಬೊಬ್ಬರ ಪಾಳಿ. ಕಾಶೀಬಾಯಿ ಬಹಳ ದಿನ ಮುಖ ತಿರುವಿಕೊಂಡಿದ್ದು, ತನ್ನ ಪಾಳಿ ಬಂದಾಗ ಬಂದಳು. ಬಿಟ್ಟವರಲ್ಲಿ ಹೆಚ್ಚಿನವರು ತಿರುಗಿ ಬಂದರು. ಶೆಡ್ ಉಳಿಯಿತು, ಬೇಳೆಯ ಕೆಲಸ ಕುಂಟುತ್ತ ನಡೆಯುತ್ತಿದೆ, ಆದರೆ ನಡೆಯುತ್ತಿದೆ.

ಅಷ್ಟರಲ್ಲಿ ಸಂಸ್ಥೆಯವರು ಹುಮನಾಬಾದಿನ ಕಚೇರಿ ಮುಚ್ಚಿದರು. ಸರ್ ಬಸವಕಲ್ಯಾಣದಲ್ಲಿ ಭಾವಮೈದುನನ ಪೈಪಿನ ಅಂಗಡಿ ನೋಡಿಕೊಳ್ಳುತ್ತಿದ್ದಾರೆಂದು ತಿಳಿಯಿತು. ನಮ್ಮ ಸಂಘಕ್ಕೆ ಹೊಸದಾಗಿ ಸೇರಿದ ಹೆಂಗಸರನ್ನು ಅವರು ಹಾಗೆಯೇ ನಾಲ್ಕು ಕಡೆ ಕರೆದೊಯ್ಯಲಿ ಎಂದು ಕೇಳಲು ಹೋದೆ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಊರಿನ ಸುದ್ದಿ ಎಲ್ಲ ಕೇಳಿದರು. ಪಾಳಿಯ ಮಾತನ್ನು ಎರಡೆರಡು ಸಲ ಹೇಳಿಸಿಕೊಂಡರು. ಬರ್ರಿ ಎಂದದ್ದಕ್ಕೆ ಮಾತ್ರ ತಲೆ ಅಲ್ಲಾಡಿಸಿದರು.

"ನನ್ನ ಕರೀಬ್ಯಾಡ ತಂಗಿ. ನಾ ಬಂದ್ರ ನಾನೇ ಮಾತಾಡ್ತೀನಿ. ಮಾಣಿಕನಗರದಾಗ ಸುಮ್ನ ನಿಂತಿದ್ದೆನಲ್ಲ, ಎರಡು ದಿನಾ ಜ್ವರ ಬಂದಿತ್ತು ನನಗ."

"ಮತ್ತ ಯಾರು ಕಲಸ್ತಾರ್ರಿ ಅವರಿಗೆ?"

"ನೀ ಅದಿ. ಸಾವಿತ್ರಿ ಅದಾಳ."

"ನಮಗ ಅಷ್ಟು ಬರಂಗಿಲ್ರಿ ಸರ್."

"ನನಗೂ ಬರತಿರಲಿಲ್ಲ. ನೋಡಿದಿಯಲ್ಲ."

ಎಷ್ಟು ಕೇಳಿಕೊಂಡರೂ ಒಪ್ಪಲಿಲ್ಲ. ಒಪ್ಪಬೇಕಾದಾಗ ಒಪ್ಪದೆ, ಸುಮ್ಮನಿರಬೇಕಾದಾಗ ಸುಮ್ಮನಿರದ ಮನುಷ್ಯ. ಬಸ್ ಸ್ಟ್ಯಾಂಡಿನ ತನಕ ಕಳಿಸಲು ಬಂದರು. ದಾರಿಯಲ್ಲಿ ತರಬೇತಿಯ ಮಾತೇ ಎತ್ತಲಿಲ್ಲ. ಬಸ್ಸು ಹೊರಟು ಇನ್ನೇನು ರಸ್ತೆಗೆ ತಿರುಗಬೇಕು, ಆಗ ಕಿಟಕಿಯ ಜೊತೆ ಓಡೋಡಿ ಬಂದರು.

"ತಂಗಿ, ಮೊದಲ ಸಲಕ್ಕ ಅವರನ್ನ ಎಲ್ಲೂ ಬ್ಯಾಡ, ನೆಟ್ಟಗ..." ಎಂದು ಒಂದು ಜಾಗದ ಹೆಸರು ಕೂಗಿದರು. ಬಸ್ಸಿನ ಹಾರ್ನಿನಲ್ಲಿ ಅದು ಕೇಳಲಿಲ್ಲ. ಕೇಳಿತೆಂದು ಕೈಯಾಡಿಸಿದೆ.

ದೀಪಾವಳಿಗೆ ಮುಂಚೆ ಅವರು ಹೋಗಿಬಿಟ್ಟರೆಂದು ಸಾವಿತ್ರಿ ಫೋನ್ ಮಾಡಿ ಹೇಳಿದಳು. ಅಂಗಡಿಯಲ್ಲೇ ಎದೆನೋವು ಬಂತಂತೆ. ನಡುವೆ ಅಷ್ಟು ದಿನಗಳಿದ್ದವು; ಯಾವ ಜಾಗ ಹೇಳಿದಿರಿ ಸರ್ ಎಂದು ಯಾವಾಗ ಬೇಕಾದರೂ ಕೇಳಬಹುದಿತ್ತು. ಕೇಳಲಿಲ್ಲ. ಕೇಳಿದ್ದರೆ ಹೊಸಬರನ್ನು ಅವರು ಹೇಳಿದಲ್ಲಿಗೇ ಕರೆದೊಯ್ಯಬೇಕಾಗುತ್ತಿತ್ತು.