ಗರಾಜಿನ ಮೇಪಲ್ ವಾಸನೆ

ಅಂಗಡಿಯವನೇ ಬೇಡ ಎಂದದ್ದನ್ನು ಹಟ ಹಿಡಿದು ಕೊಂಡ ಗಿರಾಕಿ ಈ ಭೂಮಿಯ ಮೇಲೆ ನಾನೊಬ್ಬನೇ ಇರಬೇಕು.

ರಿಸೆಷನ್ ಕಾಲ. ಸೌತ್‌ಫೀಲ್ಡಿನ ಆಫೀಸಿನವರು ನನ್ನ ಕಾಂಟ್ರಾಕ್ಟ್ ಮುಗಿಸಿ, ಗಾಜಿನ ಬಾಗಿಲವರೆಗೂ ಬಂದು ಬಹಳ ಮರ್ಯಾದೆಯಿಂದ ಬೀಳ್ಕೊಟ್ಟಿದ್ದರು. ಅಪ್ಪನ ಸ್ನೇಹಿತರಾದ ಅಂಕಲ್ ಒಬ್ಬರು ಫಾರ್ಮಿಂಗ್ಟನ್ ಹಿಲ್ಸ್‌ನ ತಮ್ಮ ಮನೆಯ ಬೇಸ್‌ಮೆಂಟಿನಲ್ಲಿ ನನ್ನನ್ನು ಬಾಡಿಗೆಯಿಲ್ಲದೆ ಇರಿಸಿಕೊಂಡರು. ಆಂಟಿಯದು ಒಂದೇ ಷರತ್ತು: “ಸಿಗರೇಟ್ ವಾಸನೆ ಬಂತೋ, ಅವತ್ತೇ ನಿನ್ನ ಸೂಟ್‌ಕೇಸು ಡ್ರೈವ್‌ವೇಲಿ ಇರತ್ತೆ.”

ಸಿಗರೇಟು ಬಿಡುವಷ್ಟು ಗಟ್ಟಿಗ ನಾನಲ್ಲ. ಸೇದುವಷ್ಟು ದುಡ್ಡೂ ಇರಲಿಲ್ಲ. ಆಗಷ್ಟೇ ಮಾಲ್‌ಗಳಿಗೆ ಇ-ಸಿಗರೇಟು ಬಂದಿತ್ತು. ಬ್ಯಾಟರಿ ಹಾಕಿದ ಪೆನ್ನಿನಂಥ ಕೊಳವೆ, ಒಳಗೆ ಘಮಘಮಿಸುವ ದ್ರವ, ಎಳೆದರೆ ಹೊಗೆಯ ಬದಲು ಆವಿ. “ಹೊಸಬರಿಗೆ ಈ ಮಧ್ಯದ ಕಿಟ್ ಸರಿ, ಅಗ್ಗದ್ದು ಸೋರುತ್ತದೆ” ಎಂದು ಅಂಗಡಿಯವನು ಪ್ರಾಮಾಣಿಕವಾಗಿ ಹೇಳಿದ. ನಾನೋ ಮಲ್ಲೇಶ್ವರದ ತರಕಾರಿ ಮಾರ್ಕೆಟ್ಟಿನಲ್ಲಿ ಪಳಗಿದವನು. ವ್ಯಾಪಾರಿಯ ಪ್ರಾಮಾಣಿಕತೆಗೆಲ್ಲ ಮೋಸ ಹೋಗುತ್ತೇನೆಯೇ? ಅಗ್ಗದ್ದನ್ನೇ ಆರಿಸಿ, ಯಾರೂ ಕೇಳದೆ ಉಳಿದಿದ್ದ ಜೋನಿಬೆಲ್ಲದಂಥ ಮೇಪಲ್ ಸಿರಪ್ ಫ್ಲೇವರಿನ ದೊಡ್ಡ ಬಾಟಲಿಯನ್ನು ಕೊಸರಾಗಿ ಹಾಕಿಸಿಕೊಂಡು ಗೆದ್ದುಬಂದೆ.

ಹೊರಗೆ ಮೂಗು ಉದುರುವಷ್ಟು ಚಳಿ. ಹಾಗಾಗಿ ಗರಾಜಿನಲ್ಲಿ, ಆ ಮನೆಗೆ ಉಳಿದಿದ್ದ ಒಂದೇ ಒಂದು ಹಳೆಯ ಕಾರಿಗೆ ಒರಗಿ ಎಳೆಯುತ್ತಿದ್ದೆ. ಕಿಟ್ಟು ನೆಗಡಿಯಾದ ಮಗುವಿನಂತೆ ತೊಟ್ಟಿಕ್ಕುತ್ತಿತ್ತು.

ಒಂದು ಬೆಳಿಗ್ಗೆ ನೋಡಿದರೆ ಅಂಕಲ್ ಗರಾಜಿನ ನೆಲದ ಮೇಲೆ ಮಂಡಿಯೂರಿ, ಬೆರಳನ್ನು ಮೂಗಿಗೆ ಹಿಡಿದಿದ್ದಾರೆ. ಕಾರು ಕಂಪನಿಯಲ್ಲಿ ವರ್ಷಗಟ್ಟಲೆ ಎಂಜಿನ್ ತಂಪಾಗಿಡುವ ವಿಭಾಗದಲ್ಲೇ ದುಡಿದು, ನನಗಿಂತ ಮೊದಲೇ ಕೆಲಸ ಕಳೆದುಕೊಂಡವರು ಅವರು.

“ಸಿಹಿ ವಾಸನೆ, ಅಂಟಂಟು. ಕೂಲೆಂಟ್ ಲೀಕು ಕಣೋ!”

ಎಂಜಿನ್ನಿಗೆ ಹಾಕುವ ಆ ದ್ರವಕ್ಕೂ ಮೇಪಲ್ ಸಿರಪ್ಪಿನದೇ ವಾಸನೆಯಂತೆ. ನಾನು ತಜ್ಞನ ಹಾಗೆ ತಲೆಯಾಡಿಸಿದೆ.

ಅಂದಿನಿಂದ ಅವರು ಪೈಪು ಬಿಚ್ಚಿದರು, ರೇಡಿಯೇಟರ್ ಬಿಚ್ಚಿದರು, ನಾನು ಟಾರ್ಚ್ ಹಿಡಿದೆ. ಅವರು ಕಾಫಿಗೆಂದು ಒಳಗೆ ಹೋದಾಗ, ಮನಸ್ಸಾಕ್ಷಿ ಕುಟುಕುವುದನ್ನು ತಡೆಯಲಾರದೆ ಎರಡು ದಮ್ಮು ಎಳೆದು, ಹೊಸದೊಂದು ಲೀಕು ಸೃಷ್ಟಿಸುತ್ತಿದ್ದೆ.

ಅಷ್ಟರಲ್ಲಿ ಅಂಕಲ್‌ಗೆ ಶಿಕಾಗೋ ಪಕ್ಕದ ಎಲ್ಕ್ ಗ್ರೋವ್ ವಿಲೇಜಿನಿಂದ ಇಂಟರ್‌ವ್ಯೂಗೆ ಕರೆ ಬಂತು.

“ಶಿಕಾಗೋವರೆಗೂ ಈ ಕಾರ್ ತಡ್ಕೊಳಲ್ಲ. ಬರಕ್ಕಾಗಲ್ಲ ಅಂತ ಹೇಳ್ಬಿಡ್ತೀನಿ” ಎಂದು ಊಟದ ಟೇಬಲ್ಲಿನಲ್ಲೇ ಫೋನ್ ಎತ್ತಿಕೊಂಡರು.

“ಇಷ್ಟು ತಿಂಗಳಿಗೆ ಬಂದಿರೋದೇ ಒಂದು ಕಾಲ್ ರೀ! ಬಾಡಿಗೆ ಕಾರ್ ತಗೊಳ್ಳಿ” ಎಂದರು ಆಂಟಿ.

“ಸಿಗದೇ ಇರೋ ಕೆಲಸಕ್ಕೆ ಬಾಡಿಗೆ ಬೇರೆ ದಂಡ.”

ಆಂಟಿಯ ಕಣ್ಣು ತುಂಬಿತು. ನನ್ನ ಕಣ್ಣ ಮುಂದೆ ಹಿಮದಲ್ಲಿ ನೆನೆಯುತ್ತಿರುವ ಸೂಟ್‌ಕೇಸು ಬಂತು. ಆದರೂ ಜೇಬಿನಿಂದ ಕಿಟ್ ತೆಗೆದು ಟೇಬಲ್ಲಿನ ಮೇಲಿಟ್ಟೆ. ಅದು ಅಲ್ಲೂ ಒಂದು ಹನಿ ಸುರಿಸಿ ಸಾಕ್ಷಿ ಹೇಳಿತು.

ಅಂಕಲ್ ಮೂಸಿ ನೋಡಿ, ಫೋನ್ ಕೆಳಗಿಟ್ಟರು.

ಆಂಟಿ ನನ್ನನ್ನು ತರಾಟೆಗೆ ತೆಗೆದುಕೊಂಡರು. “ಸಿಗರೇಟ್ ವಾಸನೆ ಅಲ್ವಲ್ಲ, ಅದಕ್ಕೇ ಬಚಾವಾದೆ! ನಮ್ಮನೆಯವರನ್ನ ಕಾರ್ ಕೆಳಗೆ ಮಲಗಿಸಿಬಿಟ್ಯಲ್ಲೋ! ಈಗ ನೀನೇ ಡ್ರೈವ್ ಮಾಡ್ಕೊಂಡು ಕರ್ಕೊಂಡ್ಹೋಗು. ಸೂಟ್‌ಕೇಸ್ ವಿಷ್ಯ ಬಂದ್ಮೇಲೆ ನೋಡೋಣ.”

ಬಿಚ್ಚಿದ್ದನ್ನೆಲ್ಲ ಮತ್ತೆ ಜೋಡಿಸಿ, ಅದೇ ಕಾರಿನಲ್ಲಿ ಹೊರಟೆವು. ಸೂಟು ಹಾಕಿಕೊಂಡು ಪಕ್ಕದಲ್ಲಿ ಕುಳಿತ ಅಂಕಲ್ ಅರ್ಧ ದಾರಿಯ ಕಲಮಜೂ ಎಕ್ಸಿಟ್ ದಾಟುವವರೆಗೂ ಟೈ ಸರಿಮಾಡಿಕೊಳ್ಳುತ್ತಲೇ ಇದ್ದರು. ಆಮೇಲೆ ಕಿಟಕಿಯ ಕಡೆ ತಿರುಗಿ ಹೇಳಿದರು:

“ಕಾರ್ ಲೀಕ್ ಆಗ್ತಿಲ್ಲ ಅಂತ ರೇಡಿಯೇಟರ್ ಬಿಚ್ಚಿದ ದಿನಾನೇ ಗೊತ್ತಾಗಿತ್ತು ಕಣೋ. ಈ ವಯಸ್ಸಲ್ಲಿ ಇಂಟರ್‌ವ್ಯೂ ಅಂದ್ರೆ ಕೈಕಾಲು ನಡುಗತ್ತೆ. ಹೋಗದೇ ಇರಕ್ಕೆ ಒಂದು ಒಳ್ಳೆ ಕಾರಣ ಸಿಕ್ಕಿತ್ತು. ಅದನ್ನೂ ತಗೊಂಡು ಬಂದು ಆಂಟಿ ಮುಂದೆ ಇಟ್ಬಿಟ್ಯಲ್ಲೋ, ದಡ್ಡ!”